ಕೇಶಕೂಪ ಮತ್ತು ಒಂದು ಕಿಣ್ವ

ಕೂದಲು ಉದುರುವುದನ್ನು ಕುರಿತು ನಾವು ಚಿಂತಿಸುವಷ್ಟು ಅದು ಹುಟ್ಟಿ ಬೆಳೆಯುವ ಬಗೆಯನ್ನು ಕುರಿತು ಚಿಂತಿಸುವುದಿಲ್ಲ. ಕಣ್ಣಿಗೆ ಕಾಣುವ ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ಎಳೆ. ಜೀವವ್ಯಾಪಾರವೆಲ್ಲವೂ ಚರ್ಮದೊಳಗಣ ಕೇಶಕೂಪದಲ್ಲಿ ನಡೆಯುತ್ತದೆ. ತಲೆಯ ಮೇಲಿರುವ ಸುಮಾರು 1 ಲಕ್ಷ ಕೂಪಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಆವರ್ತನವುಂಟು: 2ರಿಂದ 6 ವರ್ಷಗಳ ಬೆಳವಣಿಗೆ, 2–3 ವಾರಗಳ ಕುಗ್ಗುವಿಕೆ, ಸುಮಾರು 3 ತಿಂಗಳ ವಿಶ್ರಾಂತಿ. ಆ ಬಳಿಕ ಹಳೆಯ ಕೂದಲು ಉದುರಿ ಹೊಸದು ಮೊಳೆಯುತ್ತದೆ. ಆದುದರಿಂದ ದಿನವೂ ಹಲವು ಕೂದಲುಗಳು ಉದುರುವುದು ರೋಗವಲ್ಲ.

ಈ ಆವರ್ತನದ ಮೇಲೆ ಪ್ರಭಾವ ಬೀರುವ ಕಿಣ್ವಗಳಲ್ಲಿ 5-ಆಲ್ಫಾ ರಿಡಕ್ಟೇಸ್ ಮುಖ್ಯವಾದುದು. ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ಅದು ಇನ್ನೂ ಪ್ರಬಲವಾದ ಡೈಹೈಡ್ರೊಟೆಸ್ಟೋಸ್ಟೆರೋನ್ ಆಗಿ ಮಾರ್ಪಡಿಸುತ್ತದೆ. ಸೃಷ್ಟಿಯ ವೈಚಿತ್ರ್ಯವಿರುವುದು ಇಲ್ಲಿಯೇ. ಗಡ್ಡದ ಕೂಪಗಳನ್ನು ಬಲಪಡಿಸುವ ಅದೇ ಹಾರ್ಮೋನು, ಆನುವಂಶಿಕ ಒಲವುಳ್ಳವರ ನೆತ್ತಿಯ ಕೂಪಗಳನ್ನು ಕುಗ್ಗಿಸುತ್ತದೆ. ಅಲ್ಲಿ ಬೆಳವಣಿಗೆಯ ಅವಧಿ ವರ್ಷದಿಂದ ವರ್ಷಕ್ಕೆ ಕಿರಿದಾಗಿ, ದಪ್ಪ ಕೂದಲಿನ ಸ್ಥಾನದಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ರೋಮ ಉಳಿಯುತ್ತದೆ. ಹಿಂತಲೆಯ ಕೂಪಗಳು ಬಹುಮಟ್ಟಿಗೆ ಈ ಬಾಧೆಯಿಂದ ಪಾರಾಗುತ್ತವೆ. ಹಾರ್ಮೋನು ಒಂದೇ, ಅದಕ್ಕೆ ಓಗೊಡುವ ಕೂಪಗಳ ಸ್ವಭಾವ ಬೇರೆ ಬೇರೆ.

ಈ ತಿಳಿವು ಒಮ್ಮೆಲೇ ದೊರೆತುದಲ್ಲ. ಪ್ರೌಢಾವಸ್ಥೆಗೆ ಮುನ್ನವೇ ವೃಷಣಗಳನ್ನು ಕಳೆದುಕೊಂಡವರಲ್ಲಿ ಬೋಳುತಲೆ ಕಾಣುವುದಿಲ್ಲವೆಂದು 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿದರು. 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಹುಟ್ಟಿನಿಂದಲೇ ಈ ಕಿಣ್ವದ ಕೊರತೆಯಿದ್ದ ಗಂಡುಮಕ್ಕಳಲ್ಲಿ ಹಲವರನ್ನು ಹೆಣ್ಣೆಂದು ಭಾವಿಸಿ ಬೆಳೆಸಲಾಗಿತ್ತು. ಹರೆಯದಲ್ಲಿ ಅವರು ಪುರುಷಲಕ್ಷಣ ತಳೆದರು. ಆದರೆ ಅವರ ಗಡ್ಡ ವಿರಳ, ಪ್ರಾಸ್ಟೇಟ್ ಗ್ರಂಥಿ ಚಿಕ್ಕದು, ಹಣೆಯಂಚಿನ ಕೂದಲು ಹಿಂಜರಿಯಲಿಲ್ಲ. ಕಿಣ್ವದ ಕಾರ್ಯವೇನೆಂಬುದು ಅದರ ಅಭಾವದಿಂದಲೇ ಸ್ಪಷ್ಟವಾಯಿತು.

ಈ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ ಔಷಧಿಗೆ ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ಬಾಧೆಗಾಗಿಯೂ, 1997ರಲ್ಲಿ ಪುರುಷರ ಬೋಳುತಲೆಗಾಗಿಯೂ ಅನುಮತಿ ದೊರೆಯಿತು. ಸೇವನೆ ನಿಲ್ಲಿಸಿದರೆ ಅದರ ಫಲವೂ ನಿಲ್ಲುತ್ತದೆ. ಕೆಲವರಲ್ಲಿ ಲೈಂಗಿಕ ದೌರ್ಬಲ್ಯದಂತಹ ತೊಂದರೆಗಳು ಕಾಣುತ್ತವೆ. ಗರ್ಭಸ್ಥ ಗಂಡುಶಿಶುವಿನ ಅಂಗರಚನೆಗೆ ಈ ಕಿಣ್ವ ಅವಶ್ಯವಾದುದರಿಂದ ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಲೂ ಬಾರದು. ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸುವುದು ಅವಿವೇಕ.

ಎಣ್ಣೆ ಕೂದಲಿಗೆ ನುಣುಪನ್ನು ಕೊಟ್ಟೀತು. ಆನುವಂಶಿಕವಾಗಿ ಬಂದ ಒಲವನ್ನು ಅಳಿಸಲಾರದು. ಜಾಹೀರಾತಿನ ಭರವಸೆಗೆ ಮರುಳಾಗುವ ತರುಣರಿಗೂ, ಸಹಪಾಠಿಯ ನೆತ್ತಿಯನ್ನು ಕಂಡು ನಗುವವರಿಗೂ ಶಿಕ್ಷಕರು ತಿಳಿಸಬೇಕಾದ ಮಾತು ಒಂದೇ: ಇದು ಯಾರ ಅಲಕ್ಷ್ಯದ ಫಲವೂ ಅಲ್ಲ, ಶರೀರಧರ್ಮ.