ದೋಣಿ ಯಂತ್ರದ ಕಾರ್ಬುರೇಟರು: ಮೊದಲ ಸಲ ಬಿಚ್ಚುವವರಿಗೆ ಒಂದು ಪಾಠ

ಬೋಡಕ್‌ದೇವಿಗೂ ಸಮುದ್ರಕ್ಕೂ ಬಲು ದೂರ. ಆದರೂ ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿಯ ಕಡೆಯವರಿದ್ದಾರೆ. ಊರಿನಲ್ಲಿ ಅಣ್ಣನೋ ಮಾವನೋ ನಾಡದೋಣಿ ಇಟ್ಟಿರುತ್ತಾರೆ. ಅದರ ಹಿಂಬದಿಗೆ ತಗುಲಿಸಿದ ಔಟ್‌ಬೋರ್ಡ್ ಯಂತ್ರ ಕೆಟ್ಟಿತೆಂದರೆ ರಿಪೇರಿಯ ಹಣ ಇಲ್ಲಿಂದಲೇ ಹೋಗಬೇಕಾಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಕಾರ್ಬುರೇಟರಿನ ಕೆಲಸವನ್ನಾದರೂ ತಾವೇ ಮಾಡಿಕೊಳ್ಳಬಹುದೆಂದು ತೋರಿಸುವುದು ಈ ಪಾಠದ ಉದ್ದೇಶ.

ಹಣಕ್ಕಿಂತ ದೊಡ್ಡ ಮಾತೂ ಒಂದಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆಗ ಕಡಲಿಗಿಳಿಯುವುದು 10 ಅಶ್ವಶಕ್ತಿಯೊಳಗಿನ ಯಂತ್ರದ ನಾಡದೋಣಿಗಳು. ಮಳೆಗಾಲದ ಅಳಿವೆಯಲ್ಲಿ ತೆರೆಗೆ ಎದುರಾಗಿ ಹೋಗುತ್ತಿರುವಾಗ ಯಂತ್ರ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಮಗುಚಬಹುದು. ಒಂದು ರಂಧ್ರದಲ್ಲಿ ಕಟ್ಟಿದ ಕಸಕ್ಕೆ ಅಷ್ಟು ಬೆಲೆ ತೆರಬೇಕಾದೀತು.

ಕಾರ್ಬುರೇಟರಿನ ತತ್ತ್ವ ಸರಳ. ಯಂತ್ರವು ಗಾಳಿಯನ್ನು ಎಳೆದುಕೊಳ್ಳುವ ದಾರಿಯಲ್ಲಿ ಒಂದು ಕಿರಿದಾದ ಕೊರಳಿದೆ. ಅದಕ್ಕೆ ಇಟಲಿಯ ವಿಜ್ಞಾನಿ ವೆಂಚುರಿಯ (1746–1822) ಹೆಸರು ಬಂದಿದೆ. ಕೊರಳಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆಗ ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಮೇಲೇರಿ, ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. 1 ಕಿಲೋ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಬಟ್ಟಲಿನ ಮಟ್ಟವನ್ನು ಕಾಯುವುದು ಫ್ಲೋಟ್. ಮನೆಯ ನೀರಿನ ಟ್ಯಾಂಕಿನ ಚೆಂಡಿನಂತೆ ಅದು ಮೇಲೆದ್ದು, ಸೂಜಿಯಿಂದ ದಾರಿಯನ್ನು ಮುಚ್ಚುತ್ತದೆ. ಸಣ್ಣ ಯಂತ್ರಗಳಿಗೆ ಒಂದೇ ಕಾರ್ಬುರೇಟರು. ಎರಡು ಮೂರು ಸಿಲಿಂಡರಿನ ಕೆಲವು ದೊಡ್ಡ ಯಂತ್ರಗಳಲ್ಲಿ ಸಿಲಿಂಡರಿಗೊಂದರಂತೆ ಇರುತ್ತವೆ.

ಪೆಟ್ರೋಲಿನಲ್ಲೇ ಕೀಲೆಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಯಂತ್ರದಲ್ಲಿ ಇನ್ನೊಂದು ಅಪಾಯವಿದೆ. ಜೆಟ್ ಅರ್ಧ ಕಟ್ಟಿದರೆ ಪೆಟ್ರೋಲಿನೊಡನೆ ಕೀಲೆಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ ಕಾಯ್ದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಚೋಕ್ ಎಳೆದರೆ ಮಾತ್ರ ಓಡುವ, ವೇಗ ಕೊಟ್ಟ ಕೂಡಲೇ ಉಸಿರುಗಟ್ಟುವ ಯಂತ್ರವನ್ನು ಹಾಗೆಯೇ ದುಡಿಸಕೂಡದು.

ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್ಗನ್ನೂ ಹೊಸ ಪೆಟ್ರೋಲನ್ನೂ ಹಾಕಿ ನೋಡಿರಿ. ದೋಷ ಅಲ್ಲಿಯೇ ಇದ್ದೀತು. ಅನಂತರ ಗಾಳಿಯಾಡುವ ಕಡೆ ಕುಳಿತು, ಬೀಡಿ ಬೆಂಕಿ ದೂರವಿಟ್ಟು, ಬಿಳಿ ಬಟ್ಟೆ ಹಾಸಿ ಆರಂಭಿಸಿರಿ.

ಇಲ್ಲಿ ಗುಮಾಸ್ತನ ಬುದ್ಧಿ ಫಿಟ್ಟರನ ತೋಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉಗ್ರಾಣದ ಲೆಕ್ಕದಂತೆ ಪ್ರತಿಯೊಂದನ್ನೂ ಬರೆದಿಡಿರಿ. ಮೇಲಿನಿಂದ ಕೆಳಕ್ಕೆ 1, 2, 3 ಎಂದು ಕಾರ್ಬುರೇಟರುಗಳಿಗೆ ಚೀಟಿ ಕಟ್ಟಿ, ಒಂದೊಂದರ ಬಿಡಿಭಾಗಗಳಿಗೂ ಬೇರೆ ಬೇರೆ ತಟ್ಟೆ ಇಡಿರಿ. ಜೆಟ್ಟುಗಳ ಅಳತೆ ಬೇರೆಯಾಗಿರಬಹುದಾದ್ದರಿಂದ ಅದಲುಬದಲಾಗಕೂಡದು. ಕೊಳವೆ, ಸಲಾಕೆಗಳ ಜೋಡಣೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ನಿಧಾನ ಓಟದ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತೆಂಬುದನ್ನು ಬರೆದುಕೊಳ್ಳಿರಿ. ತಳ ಮುಟ್ಟಿದ ಮೇಲೆ ಬಿಗಿದರೆ ಅದರ ಮೊನೆ ಕೆಡುತ್ತದೆ.

ಬಟ್ಟಲು ತೆಗೆದೊಡನೆ ಒರೆಸಬೇಡಿ, ಒಳಗೇನಿದೆ ನೋಡಿರಿ. ನೀರಿನ ಹನಿ, ಬಿಳಿ ಪುಡಿ, ಹಿತ್ತಾಳೆಯ ಮೇಲಿನ ಹಸಿರು, ಅಂಟಿನಂಥ ಕಂದು ಲೇಪ, ಇವು ರೋಗದ ಗುರುತುಗಳು. ಜೆಟ್ಟಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿರಿ, ಹಿತ್ತಾಳೆ ಮೆತ್ತನೆಯದು. ರಬ್ಬರಿನ ಭಾಗಗಳನ್ನೆಲ್ಲ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿ, ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಪ್ರತಿ ರಂಧ್ರಕ್ಕೂ ಗಾಳಿ ಊದಿರಿ. ಬೆಳಕಿಗೆ ಹಿಡಿದರೆ ಜೆಟ್ಟಿನ ರಂಧ್ರ ದುಂಡಗೆ ಕಾಣಬೇಕು.

ರಂಧ್ರಕ್ಕೆ ತಂತಿ ಚುಚ್ಚುವುದು ಮಾತ್ರ ಬೇಡ. 1 ಮಿಲಿಮೀಟರಿನ ರಂಧ್ರ 1.1 ಆಯಿತೆನ್ನಿ. ಹೆಚ್ಚಿದ್ದು ಹತ್ತನೇ ಒಂದು ಪಾಲಷ್ಟೇ ಎಂದು ತೋರುತ್ತದೆ. ಆದರೆ ವಿಸ್ತಾರವು ಅಡ್ಡಳತೆಯ ವರ್ಗದಂತೆ ಬೆಳೆಯುತ್ತದೆ, 1.1ನ್ನು 1.1ರಿಂದ ಗುಣಿಸಿದರೆ 1.21. ಅಂದರೆ ಶೇಕಡಾ 21 ಹೆಚ್ಚು!

ಕಟ್ಟುವಾಗ ಹಳೆಯ ಗ್ಯಾಸ್ಕೆಟ್ಟುಗಳು ಬೇಡ. ಯಂತ್ರದ ಮಾದರಿ ಸಂಖ್ಯೆ ಹೇಳಿ ಹೊಸ ಕಿಟ್ ತನ್ನಿರಿ. ಫ್ಲೋಟಿನ ಎತ್ತರ ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಗೆ ಬರಬೇಕು. ಕಾರ್ಬುರೇಟರುಗಳು ಒಂದಕ್ಕಿಂತ ಹೆಚ್ಚಿದ್ದರೆ, ಅವುಗಳ ಗಾಳಿಬಾಗಿಲುಗಳೆಲ್ಲ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಬೇಕು. ಜೋಡಿ ಎತ್ತುಗಳಲ್ಲಿ ಒಂದು ಹಿಂದುಳಿದರೆ ಗಾಡಿ ಸಾಗುವುದಿಲ್ಲ. ಬಳಿಕ ಕೊಳವೆಯ ರಬ್ಬರ್ ಗುಂಡನ್ನು ಹಿಚುಕಿರಿ. ಅದು ಗಟ್ಟಿಯಾಗಿ ನಿಂತರೆ ಸೂಜಿ ಸರಿಯಾಗಿ ಮುಚ್ಚಿದೆ. ಮೆತ್ತಗೇ ಉಳಿದರೆ, ಅಥವಾ ಪೆಟ್ರೋಲು ಸುರಿದರೆ, ಯಂತ್ರ ಹೊತ್ತಿಸದೆ ಮತ್ತೆ ಬಿಚ್ಚಿ ನೋಡಬೇಕು.

ಮೊದಲ ಓಟ ನೀರು ತುಂಬಿದ ಡ್ರಮ್ಮಿನಲ್ಲಿ ನಡೆಯಲಿ. ನೀರಿಲ್ಲದೆ ಓಡಿಸಿದರೆ ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಬೇಗನೆ ಸುಟ್ಟುಹೋಗುತ್ತದೆ. ಎರಡನೆಯ ಓಟ ಹೊಳೆಯೊಳಗೆ, ಹುಟ್ಟು ಜೊತೆಗಿಟ್ಟುಕೊಂಡು, ಇನ್ನೊಂದು ದೋಣಿ ಹತ್ತಿರವಿರುವಾಗ. ಹೊಳೆಯಲ್ಲಿ ನಂಬಿಕೆ ಬರುವ ತನಕ ಅಳಿವೆ ದಾಟಬೇಡಿ.

ಇಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಕಾರ್ಬುರೇಟರು ಸಾಮಾನ್ಯವಾಗಿ ತಾನಾಗಿ ಕೆಡುವುದಿಲ್ಲ. ಟ್ಯಾಂಕು ಅದನ್ನು ಕೆಡಿಸುತ್ತದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಬೆರೆಸುವುದು ರೂಢಿಗೆ ಬಂತು. ಎಥೆನಾಲ್ ತೇವವನ್ನು ಹೀರುತ್ತದೆ. ನೀರು ಹೆಚ್ಚಾದಾಗ ಎರಡೂ ಕೂಡಿ ತಳಕ್ಕಿಳಿಯುತ್ತವೆ. ಪೆಟ್ರೋಲು ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಕೀಲೆಣ್ಣೆ ಬಹುಮಟ್ಟಿಗೆ ಮೇಲಿನ ಪದರದಲ್ಲಿ ಉಳಿದುಬಿಡುತ್ತದೆ. ಆದುದರಿಂದ ಟ್ಯಾಂಕು, ಕೊಳವೆ, ಫಿಲ್ಟರುಗಳನ್ನು ಅದೇ ದಿನ ತೊಳೆಯದಿದ್ದರೆ ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಯಂತ್ರವನ್ನು ವಾರಗಟ್ಟಲೆ ನಿಲ್ಲಿಸುವಾಗ ಬಟ್ಟಲಿನ ಪೆಟ್ರೋಲನ್ನು ಬಸಿದುಬಿಡಿ. ಸೀಮೆಎಣ್ಣೆಯ ಯಂತ್ರವಾದರೆ, ನಿಲ್ಲಿಸುವ ಮುನ್ನ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸಿ. ಮರುದಿನ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

2020ರ ಏಪ್ರಿಲ್‌ನ ಬಿಎಸ್-6 ನಿಯಮದ ನಂತರ ಹೊಸ ಬೈಕು, ಸ್ಕೂಟರುಗಳಲ್ಲಿ ಕಾರ್ಬುರೇಟರು ಬಹುತೇಕ ಇಲ್ಲವಾಗಿದೆ. ಇದರಲ್ಲಿ ಕೈಪಳಗಿದವರೂ ಬರಬರುತ್ತ ವಿರಳವಾಗುತ್ತಾರೆ. ಇಲ್ಲಿರುವಾಗಲೇ ಹಳೆಯ ಸ್ಕೂಟರಿನ ಕಾರ್ಬುರೇಟರೊಂದನ್ನು ಗುಜರಿಯಿಂದ ತಂದು, ಎರಡು ಮೂರು ಸಲ ಬಿಚ್ಚಿ ಕಟ್ಟಿ ನೋಡಿರಿ. ಕೈಗೆ ಅಭ್ಯಾಸವಾದ ಮೇಲೆ ಊರಿನ ಯಂತ್ರಕ್ಕೆ ಕೈಹಾಕಿರಿ.