ಒಂದು ‘ದಡ್’ ಶಬ್ದ, 84 ಕಂತು

ನನ್ನ ತಮ್ಮ ಚೆನ್ನಾಗಿ ಓಡುತ್ತಿದ್ದ ಆಟೊಮ್ಯಾಟಿಕ್ ಕಾರನ್ನು ಮಾರಿದ್ದು ಒಂದು ಶಬ್ದಕ್ಕೆ ಹೆದರಿ. ಆ ಹೆದರಿಕೆಯಲ್ಲಿ ನನ್ನದೂ ಒಂದು ಲಕ್ಷ ಸೇರಿದೆ, ಎಫ್‌ಡಿ ಮುರಿಸಿ ಕೊಟ್ಟದ್ದು. ಹಾಗಾಗಿ ಈ ಲೆಕ್ಕ ಕೇಳುವ ಹಕ್ಕು ನನಗಿದೆ.

ಅವನ ಮನೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಇಳಿಜಾರು ಬೀದಿಯಲ್ಲಿ, ಕೆಲಸ ಬೆಂಗಳೂರಿನಲ್ಲಿ. ಮಾರಿಕುಪ್ಪಂನಿಂದ ಹೊರಡುವ ರೈಲು ತಪ್ಪಿದರೆ ಕಾರು ತೆಗೆದು ಬಂಗಾರಪೇಟೆ ಜಂಕ್ಷನ್ನಿಗೆ ಓಡಬೇಕು. ಜನವರಿಯ ಚಳಿ, ಕೈಯಲ್ಲಿ ಹತ್ತಿಪ್ಪತ್ತು ನಿಮಿಷ. ಕೀ ತಿರುಗಿಸಿದ ಮರುಕ್ಷಣವೇ ರಿವರ್ಸ್ ಹಾಕಿದರೆ ಕಾರಿನ ಹೊಟ್ಟೆಯೊಳಗಿಂದ ‘ದಡ್’. ಬೀದಿ ತಿರುವಿನಲ್ಲಿ ಡಿ ಹಾಕುವಾಗ ಇನ್ನೊಂದು. ಸಂಜೆ ಸ್ಟೇಷನ್ನಿನಿಂದ ವಾಪಸು ಬರುವಾಗ ಏನೂ ಇಲ್ಲ.

ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿನವರು ‘ಗೇರ್‌ಬಾಕ್ಸ್ ಅಸೆಂಬ್ಲಿ ಬದಲಿಸಬೇಕು’ ಎಂದು 1.42 ಲಕ್ಷದ ಎಸ್ಟಿಮೇಟ್ ಕೈಗಿತ್ತರು. ಯಾಕೆ ಬದಲಿಸಬೇಕು ಎಂಬುದಕ್ಕೆ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ಹಳೆಯ ಕಾರಿಗೆ ಅಷ್ಟು ಸುರಿಯುವುದೇಕೆ ಎಂದು ಅವನು ಎಕ್ಸ್‌ಚೇಂಜಿಗೆ ಹೋದ. ಶಬ್ದದ ಹೆಸರು ಹೇಳಿ ಅಲ್ಲಿ ಬೆಲೆ ಇಳಿಸಿದರು: 2.9 ಲಕ್ಷ. ಅದರಲ್ಲಿ ಹಳೆಯ ಸಾಲದ ಬಾಕಿ 1.1 ಲಕ್ಷ ಕಳೆದು ಉಳಿದದ್ದು 1.8. ನನ್ನ ಒಂದು ಸೇರಿ 2.8. ಹೊಸ ಕಾರಿನ ಆನ್‌ರೋಡ್ 10.8 ಲಕ್ಷ, ಹೀಗಾಗಿ ಸಾಲ 8 ಲಕ್ಷ, ಶೇ 9 ಬಡ್ಡಿ, ಏಳು ವರ್ಷ.

ಈಗ ಲೆಕ್ಕ. ನಿಧಾನವಾಗಿಯೇ ಮಾಡೋಣ, ಏಕೆಂದರೆ ಶೋರೂಮಿನಲ್ಲಿ ಇದನ್ನು ಯಾರೂ ನಿಧಾನವಾಗಿ ಮಾಡುವುದಿಲ್ಲ. ಕಂತು 12,871 ರೂಪಾಯಿ. 84ರಿಂದ ಗುಣಿಸಿದರೆ 10,81,164. ಅಸಲು 8 ಲಕ್ಷ ಕಳೆದರೆ ಬಡ್ಡಿ 2,81,164. ಅಂದರೆ ಯಾವ 1.42 ಲಕ್ಷಕ್ಕೆ ಹೆದರಿ ಓಡಿಬಂದನೋ ಹೆಚ್ಚುಕಡಿಮೆ ಅಂಥ ಎರಡು ಗೇರ್‌ಬಾಕ್ಸ್‌ಗಳ ದುಡ್ಡು ಬರೀ ಬಡ್ಡಿಗೆ ಹೋಗುತ್ತದೆ. ಮೊದಲ ಕಂತಿನಲ್ಲಿ 6,000 ಬಡ್ಡಿ; ಕಾರಿಗೆ ಸಂದದ್ದು 6,871. ಇನ್ನು ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 14. ಶೋರೂಮ್ ಬೆಲೆ ಒಂಬತ್ತು ಲಕ್ಷದ ಕಾರಿಗೆ 1.26 ಲಕ್ಷ, ಸೆಸ್ ಬೇರೆ. ಇಗೋ, ಮೂರನೆಯ ಗೇರ್‌ಬಾಕ್ಸೂ ಹತ್ತಿರಹತ್ತಿರ ಬಂತು. ಹಳೆಯ ಕಾರಿಗೆ ಈ ತೆರಿಗೆ ಎಂದೋ ಕಟ್ಟಿ ಮುಗಿದಿತ್ತು.

ಹೋಗಲಿ, ಗೇರ್‌ಬಾಕ್ಸ್ ನಿಜಕ್ಕೂ ಕೆಟ್ಟಿದ್ದರೆ? ಕೆಟ್ಟಿರಲಿಲ್ಲ. ನನಗೆ ಇದು ಗೊತ್ತಾದದ್ದು ಅದೇ ಕಾರನ್ನು ನಮ್ಮೂರಿನವರೇ, ಬೆಮಲ್‌ನ ಕೆಜಿಎಫ್ ಘಟಕದಿಂದ ನಿವೃತ್ತರಾದ ಫಿಟ್ಟರೊಬ್ಬರು, ಡೀಲರಿನಿಂದ 3.9 ಲಕ್ಷಕ್ಕೆ ಕೊಂಡುತಂದ ಮೇಲೆ. ಬುಲ್ಡೋಜರಿನ ಟ್ರಾನ್ಸ್‌ಮಿಷನ್ ಬಿಚ್ಚಿ ಜೋಡಿಸಿ ಸಂಬಳ ಎಣಿಸಿದ ಕೈ ಅದು. ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು, ಆದರೆ ಈ ಊರಿನಲ್ಲಿ ಯಂತ್ರದ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಗಣಿಯಾಳದಲ್ಲಿ ಬಂಡೆ ಸಿಡಿದು ‘ಏರ್‌ಬ್ಲಾಸ್ಟ್’ ಆದಾಗ ಚಾಂಪಿಯನ್ ರೀಫಿನಲ್ಲಿ ಮನೆಗಳು ಅದುರುತ್ತಿದ್ದ ಕಾಲ ನೋಡಿದವರಿಗೆ ಕಾರಿನ ಒಂದು ‘ದಡ್’ ಯಾವ ಲೆಕ್ಕ?

ಅವರು ನನ್ನನ್ನು ಬೆಳಿಗ್ಗೆ ಕರೆದು ತೋರಿಸಿದ್ದು ಹೀಗೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ 1,300, 1,400ಕ್ಕೆ ಏರಿರುತ್ತದೆ. ಅದನ್ನು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಬೇಕೆಂದೇ ಏರಿಸುತ್ತದೆ. ಆ ವೇಗದಲ್ಲಿ ಡಿ ಅಥವಾ ಆರ್ ಹಾಕಿದರೆ ಕ್ಲಚ್ ಹಿಡಿಯುವ ಪೆಟ್ಟು ಜೋರಾಗಿಯೇ ಬೀಳಬೇಕು. ಮುಳ್ಳು 800ರ ಸುತ್ತ ಇಳಿಯುವವರೆಗೆ ಕಾದು ಹಾಕಿದರು. ಮುಕ್ಕಾಲು ಶಬ್ದ ಮಾಯ. ಉಳಿದ ಕಾಲು ಭಾಗಕ್ಕೆ ಬಾನೆಟ್ ಎತ್ತಿ, ನನ್ನನ್ನು ಬ್ರೇಕ್ ಮೇಲೆ ಕೂರಿಸಿ, ತಾವು ಪಕ್ಕಕ್ಕೆ ನಿಂತು ಆರ್, ಡಿ, ಆರ್ ಹಾಕಿಸಿದರು. ಎಂಜಿನ್ ಗಿರಾಕಿ ಕಂಡ ವ್ಯಾಪಾರಿಯಂತೆ ಎದ್ದು ಎದ್ದು ಕೂರುತ್ತಿತ್ತು. ಮೌಂಟಿಂಗ್ ರಬ್ಬರ್ ಹರಿದಿತ್ತು. ಗೇರ್‌ಬಾಕ್ಸ್ ಆಯಿಲ್ ಕಂದಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಓಡುವಾಗ ಗೇರುಗಳು ನಯವಾಗಿ ಬದಲಾಗುತ್ತಿದ್ದವು, ಸ್ಕ್ಯಾನರಿನಲ್ಲಿ ದೋಷದ ಕೋಡ್ ಇಲ್ಲ. ಚಳಿಗೆ ಆಯಿಲ್ ದಪ್ಪಗಾಗುತ್ತದೆ ನಿಜ, ಆದರೆ ಕೋಲಾರದ ಚಳಿ ಗೇರ್‌ಬಾಕ್ಸ್ ಕೊಲ್ಲುವಷ್ಟಿಲ್ಲ.

ಎರಡು ಮೌಂಟ್, ಕೂಲಿ ಸೇರಿ 9,400. ಗೇರ್‌ಬಾಕ್ಸ್ ಆಯಿಲ್ (ಎಟಿಎಫ್) ಬದಲಾವಣೆಗೆ 5,800. ಒಟ್ಟು 15,200, ತಮ್ಮನ ಒಂದು ಕಂತಿಗಿಂತ ಸ್ವಲ್ಪ ಹೆಚ್ಚು. ‘ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ’ ಎನ್ನುವವರಿಗೆ ಒಂದು ಮಾತು: ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳಿಗೆ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಆಯಿಲ್ ಬದಲಿಸಿ ಎನ್ನುತ್ತದೆ.

ಹೊಸ ಕಾರಿನ ಜೊತೆಗೆ ತಮ್ಮನಿಗೆ ‘ಎಂಜಿನ್ ಪ್ರೊಟೆಕ್ಟ್’ ಆ್ಯಡ್‌ಆನ್ ಕೂಡ ಅಂಟಿಸಿದ್ದಾರೆ. ‘ಗೇರ್‌ಬಾಕ್ಸಿಗೂ ಕವರ್ ಇದೆಯಣ್ಣ, ಇನ್ನು ಭಯ ಇಲ್ಲ’ ಎಂದ. ನನಗೆ ರೇಗಿತು. ಅಂಡರ್‌ಪಾಸಿನಲ್ಲಿ ನೀರು ನುಗ್ಗಿದರೆ, ಕಲ್ಲಿಗೆ ತಗುಲಿ ಆಯಿಲ್ ಸೋರಿ ಹಾಳಾದರೆ ಅದು ಕೊಡುತ್ತದೆ. ಸವೆತಕ್ಕೆ ಕೊಡುವುದಿಲ್ಲ. ಸವೆತ ಮತ್ತು ಮೆಕ್ಯಾನಿಕಲ್ ಬ್ರೇಕ್‌ಡೌನ್ ನಮ್ಮ ಮೋಟಾರು ಪಾಲಿಸಿಯ ಓನ್ ಡ್ಯಾಮೇಜ್ ಭಾಗದಲ್ಲಿ ಹೊರಗಿಟ್ಟ ಬಾಬತ್ತು, ಮೊದಲ ಪುಟಗಳಲ್ಲೇ ಇದೆ. ಎಕ್ಸ್‌ಟೆಂಡೆಡ್ ವಾರಂಟಿಯೂ ಅಷ್ಟೇ: ರಬ್ಬರ್ ಭಾಗಗಳು, ಮೌಂಟು, ಬುಷ್ಷು ಸಾಮಾನ್ಯವಾಗಿ ‘ಇಲ್ಲ’ಗಳ ಪಟ್ಟಿಯಲ್ಲೇ ಇರುತ್ತವೆ. ಮೊದಲು ಸವೆಯುವುದನ್ನೇ ಬಿಟ್ಟು ಉಳಿದದ್ದಕ್ಕೆ ಪ್ರೀಮಿಯಂ ಎಣಿಸುವ ಈ ವ್ಯಾಪಾರದ ಮೇಲೆ ನನಗೆ ಕಿಂಚಿತ್ತೂ ನಂಬಿಕೆ ಇಲ್ಲ.

ಹೊಸ ಕಾರನ್ನೂ ಅವನು ಅದೇ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಬರೀ ಪಿ ಹಾಕಿ ಬಿಡುತ್ತಾನೆ. ಕಾರಿನ ಇಡೀ ತೂಕ ಗೇರ್‌ಬಾಕ್ಸಿನ ಒಂದು ಚಿಕ್ಕ ಹಲ್ಲಿನ ಮೇಲೆ ರಾತ್ರಿಯಿಡೀ ನೇತಾಡುತ್ತದೆ. ಬೆಳಿಗ್ಗೆ ಪಿಯಿಂದ ತೆಗೆದಾಗ ಅದೇ ಹಲ್ಲು ಟಣ್ ಎಂದು ಬಿಟ್ಟುಕೊಳ್ಳುತ್ತದೆ. ಬ್ರೇಕ್ ಒತ್ತಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಪಾದ ಸಡಿಲಿಸಿ, ಆಮೇಲೆ ಪಿ. ಇದಕ್ಕೆ ಖರ್ಚಿಲ್ಲ. ಹಾಗೆಯೇ ಐದು ನಿಮಿಷ ಮೊದಲು ಏಳುವುದಕ್ಕೂ ಖರ್ಚಿಲ್ಲ. ಆದರೆ ನಮ್ಮ ಮಂದಿ ಸರ್ವಿಸ್ ಅಡ್ವೈಸರ್ ಕೊಟ್ಟ ಕಾಫಿ ಆರುವ ಮೊದಲೇ ಸಹಿ ಹಾಕುತ್ತಾರೆ, ಶೋರೂಮಿನಲ್ಲಿ ‘ತಿಂಗಳಿಗೆ ಎಷ್ಟು’ ಎಂದು ಕೇಳುತ್ತಾರೆಯೇ ಹೊರತು ‘ಒಟ್ಟು ಎಷ್ಟು’ ಎಂದು ಕೇಳುವುದಿಲ್ಲ. ಹತ್ತು ಲಕ್ಷದ ಮಾತನ್ನು ಹನ್ನೆರಡು ಸಾವಿರದ ಮಾತಾಗಿ ಕೇಳಿಸಿಕೊಳ್ಳುವ ಚಟ ಇದು.

ಈ ಚಳಿಗಾಲದಲ್ಲಿ ನಿಮ್ಮ ಕಾರೂ ಬಡಿದರೆ, ಮೊದಲು ಐಡ್ಲಿಂಗ್ ಇಳಿಯುವವರೆಗೆ ಕಾಯಿರಿ, ಮೌಂಟ್ ನೋಡಿಸಿ, ಆಯಿಲ್ ನೋಡಿಸಿ, ಕೋಡ್ ಇದ್ದರೆ ಅದರ ಪ್ರಿಂಟ್ ಕೇಳಿ. ಕಾರಣ ಬರೆದಿಲ್ಲದ ಎಸ್ಟಿಮೇಟಿಗೆ ಸಹಿ ಹಾಕಬೇಡಿ.