ಹೊಸ ಮುಖ್ಯಗುರುಗಳಿಗೆ: ಪಿಡುಗು, ಜಾತಿ ಮತ್ತು ಒಂದು ದಾಖಲಾ

ರೋಗಕ್ಕೆ ಜಾತಿಯಿಲ್ಲ ಎನ್ನುತ್ತೇವೆ. ಆದರೆ ರೋಗ ಬಂದು ಶಾಲೆ ಮುಚ್ಚಿದಾಗ ಯಾರ ಓದು ಮೊದಲು ನಿಲ್ಲುತ್ತದೆ ಎಂದು ನೋಡಿದರೆ ಅಲ್ಲಿ ಜಾತಿ ಕಾಣುತ್ತದೆ. ಪುಣೆಯಲ್ಲಿ ಹೊಸದಾಗಿ ಮುಖ್ಯಗುರುಗಳಾದವರು ಮೊದಲು ಇದನ್ನು ತಿಳಿದುಕೊಳ್ಳಬೇಕು. 2020ರಲ್ಲಿ ಅಮೆರಿಕದ ಶಾಲಾ ಮುಖ್ಯಸ್ಥರ ಮುಂದೆ ಕೋವಿಡ್ ಜೊತೆಗೇ ವರ್ಣಭೇದದ ಪ್ರಶ್ನೆ ಬಂದು ನಿಂತಿತು. ನಮ್ಮಲ್ಲಿ ಆ ಜಾಗದಲ್ಲಿ ಜಾತಿಯಿದೆ.

ಪುಣೆಯ ಬಿಬವೇವಾಡಿ ಬಡಾವಣೆಯನ್ನೇ ನೋಡಿ. ಒಂದು ಕಡೆ ಸೊಸೈಟಿಗಳ ಫ್ಲಾಟುಗಳು, ಇನ್ನೊಂದು ಕಡೆ ಅಪ್ಪರ್ ಇಂದಿರಾನಗರದ ಒತ್ತೊತ್ತಾದ ಮನೆಗಳು. ಆನ್‌ಲೈನ್ ಪಾಠವೆಂದರೆ ಫ್ಲಾಟಿನ ಮಗುವಿಗೆ ತನ್ನದೇ ಫೋನು, ಕೂರಲು ಕೋಣೆ. ಕೂಲಿ ಮನೆಯ ಮಗುವಿಗೋ, ಅಪ್ಪ ಕೆಲಸಕ್ಕೆ ಹೋದರೆ ಫೋನೂ ಅವನ ಜೊತೆಗೇ ಹೋಯಿತು. 2021ರ ಆಗಸ್ಟ್‌ನಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳನ್ನು ಕೇಳಿ ಅರ್ಥಶಾಸ್ತ್ರಜ್ಞರಾದ ಜ್ಯಾಂ ದ್ರೇಜ್, ರೀತಿಕಾ ಖೇರಾ ಮತ್ತು ಸಂಗಡಿಗರು ವರದಿ ಕೊಟ್ಟರು. ಹಳ್ಳಿಯ ದಲಿತ, ಆದಿವಾಸಿ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಓದುತ್ತಿದ್ದವರು ಶೇ. 4, ಹಳ್ಳಿಯ ಉಳಿದ ಮಕ್ಕಳಲ್ಲಿ ಶೇ. 15.

ಇದೇ ಪುಣೆಯಲ್ಲಿ ಹಿಂದೆ ಪಿಡುಗನ್ನೂ ಜಾತಿಯನ್ನೂ ಒಟ್ಟಿಗೆ ಎದುರಿಸಿದ ಶಿಕ್ಷಕಿಯಿದ್ದರು. ಸಾವಿತ್ರಿಬಾಯಿ ಫುಲೆ 1848ರಲ್ಲಿ ಭಿಡೆವಾಡಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ನಿಂತರು. ಫುಲೆ ದಂಪತಿಯ ಶಾಲೆಯಲ್ಲಿ ಓದಿದ ಮಾಂಗ ಎಂಬ ದಲಿತ ಸಮುದಾಯದ ಬಾಲಕಿ ಮುಕ್ತಾ ಸಾಳವೆ 1855ರಲ್ಲಿ ತನ್ನ ಜನರ ಸಂಕಟವನ್ನು ಪ್ರಬಂಧವಾಗಿ ಬರೆದಳು. 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಪುಣೆ ಬಳಿಯ ಮುಂಢವಾದಲ್ಲಿ ದಲಿತರಾದ ಮಹಾರರ ಕೇರಿಯ ರೋಗಿ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತರ ದವಾಖಾನೆಗೆ ತಂದರು. ತಮಗೂ ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಮಗು ಶಾಲೆಗೆ ಬರಲಿ ಎಂದು ಕಾಯದೆ ಕೇರಿಗೆ ನಡೆದು ಹೋದದ್ದು ಅವರ ರೀತಿ.

ನಿಮ್ಮಿಂದ ಅಷ್ಟನ್ನು ಯಾರೂ ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೇಳುವುದು ಇಷ್ಟು. ಲಾಕ್‌ಡೌನಿನಲ್ಲಿ ಪುಣೆಯಲ್ಲಿದ್ದ ಕಲಬುರಗಿ, ಯಾದಗಿರಿ ಕಡೆಯ ಕೂಲಿ ಕುಟುಂಬಗಳು ಊರಿಗೆ ಮರಳಿದಂತೆ, ಮಗು ರಾಜ್ಯ ದಾಟಿ ಹೋಗಬೇಕಾದೀತು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೊರಟ ಮಗುವಿಗೆ ಮುಖ್ಯಗುರುಗಳು ತಕ್ಷಣ ಟಿ.ಸಿ., ಅಂದರೆ ಇಲ್ಲಿನವರು ಹೇಳುವ ದಾಖಲಾ, ಕೊಡಬೇಕು. ತಡ ಮಾಡಿದರೆ ಶಿಸ್ತುಕ್ರಮ ಅವರ ಮೇಲೆಯೇ. ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ; ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ನಡುವೆ ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕು.

ಶಾಲೆ ತೆರೆದ ವಾರವೇ ಬಾರದ ಮಕ್ಕಳ ಪಟ್ಟಿ ಮಾಡಿ. ಆ ಹೆಸರುಗಳು ಯಾವ ಓಣಿಯವು, ಯಾವ ಸಮುದಾಯದವು ಎಂದು ನೋಡಿ, ಮನೆಗೆ ಹೋಗಿ. ಮಗು ಬೇರೆ ಶಾಲೆಗೆ ಹೊರಟಿದ್ದು ಫೀಜು ಬಾಕಿಯಿದ್ದರೆ ಅದರ ಮಾತು ಪಾಲಕರೊಡನೆ ಆಮೇಲೆ ಆಡಬಹುದು. ದಾಖಲಾಕ್ಕೆ ಮಾತ್ರ ಇಂದೇ ಸಹಿ ಹಾಕಿ.